ಬಿಳಿ ಐದರಲ್ಲಿ ಹಾಡುವ ಕರೆಂಟು

ಆಟಿ ತಿಂಗಳ ಮಳೆ ಹಿಡಿದರೆ ಸಂಪಾಜೆಯಲ್ಲಿ ಅಡಿಕೆಗೆ ಮದ್ದು ಬಿಡಲಿಕ್ಕೂ ಹೊಳವು ಸಿಗುವುದಿಲ್ಲ. ಸೌಂಡ್ಸ್‌ನವರಿಗೆ ಕಾರ್ಯಕ್ರಮವೂ ಇರುವುದಿಲ್ಲ. ಮಾತಿಗೆ ಒಳ್ಳೆಯ ತಿಂಗಳು. ಇಲ್ಲಿ ಮಾತಾಡುವವರು ಇಬ್ಬರು. ಅರಂತೋಡಿನಿಂದ ಕೊಯನಾಡಿನವರೆಗೆ ಆಟ, ಕೋಲ, ಮದುವೆ ಎಂದು ನೋಡದೆ ಮೈಕ್ ಕಟ್ಟಿ ಈಗ ಅಂಗಡಿಯನ್ನು ಮಗನಿಗೆ ಬಿಟ್ಟ ಮಾವ. ಎಂಜಿನಿಯರಿಂಗ್ ಓದುತ್ತ ಎಲೆಕ್ಟ್ರಿಕ್ ಗಿಟಾರ್ ಹಿಡಿದಿರುವ ಸೊಸೆ, ಎಂದರೆ ಅವರ ಅಕ್ಕನ ಮಗಳು.

ಮಾವ: ಗಿಟಾರ್ ಕಾಣ್ತದೆ, ವಯರ್ ಕಾಣ್ತದೆ, ಕಿವಿಗೆ ಹೆಡ್‌ಫೋನ್ ಕಾಣ್ತದೆ. ಆಂಪ್ಲಿಫೈಯರ್ ಎಲ್ಲಿ ಮಾರಾಯ್ತಿ?

ಸೊಸೆ: ಈ ಟ್ಯಾಬ್ ಒಳಗೆ, ಮಾವ.

ಮಾವ: ವಾಲ್ವ್ ಆಂಪ್ಲಿಫೈಯರ್ ಒಬ್ಬನೇ ಎತ್ತಿದ್ರೆ ಸೊಂಟ ಹಿಡೀತಿತ್ತು. ಅದನ್ನು ಇದರೊಳಗೆ ಹೇಗೆ ತುಂಬಿಸಿದ್ರು?

ಸೊಸೆ: ವಾಲ್ವನ್ನು ತುಂಬಿಸ್ಲಿಲ್ಲ, ವಾಲ್ವ್ ಮಾಡುವ ಕೆಲಸದ ಲೆಕ್ಕವನ್ನು ತುಂಬಿಸಿದ್ದಾರೆ. ಸಣ್ಣ ಸಿಗ್ನಲ್ ಬಂದ್ರೆ ಇಷ್ಟು ಹಿಗ್ಗಿಸು, ದೊಡ್ಡದು ಬಂದ್ರೆ ಅದರ ತಲೆಯನ್ನು ಇಷ್ಟು ಒತ್ತು ಅಂತ. ಆ ಲೆಕ್ಕ ಸೆಕೆಂಡಿಗೆ 48,000 ಸಲ ನಡೀತದೆ. 2010ರಲ್ಲಿ ಇಟಲಿಯ ಐಕೆ ಮಲ್ಟಿಮೀಡಿಯಾದವರು ‘ಐರಿಗ್’ ಅಂತ ಒಂದು ಅಡಾಪ್ಟರ್ ತಂದ್ರು, ಜೊತೆಗೆ ‘ಆಂಪ್ಲಿಟ್ಯೂಬ್’ ಆ್ಯಪ್. ಮರುವರ್ಷ ಐಪ್ಯಾಡಿಗೆ ‘ಗ್ಯಾರೇಜ್‌ಬ್ಯಾಂಡ್’ ಬಂತು. ಈಗ ಇಂಥ ಆ್ಯಪ್‌ಗಳಿಗೆ ಲೆಕ್ಕವೇ ಇಲ್ಲ. ಇದು ಬೆಂಗಳೂರಿನಲ್ಲಿರುವ ಅಣ್ಣ ಹೊಸತು ತಗೊಂಡು ನಂಗೆ ದಾಟಿಸಿದ ಹಳೇ ಐಪ್ಯಾಡ್.

ಮಾವ: ಮತ್ತೆ ನಡುವೆ ಈ ಕೆಂಪು ಪೆಟ್ಟಿಗೆ ಎಂತಕ್ಕೆ? ನೇರ ಟ್ಯಾಬಿಗೇ ಚುಚ್ಚಿದ್ರೆ ಆಗುದಿಲ್ವಾ?

ಸೊಸೆ: ಮೊದಲಿನ ಅಡಾಪ್ಟರ್‌ಗಳು ಹೆಡ್‌ಫೋನ್ ತೂತಿಗೇ ಹೋಗ್ತಿದ್ವು. ಒಂದೇ ಪಿನ್ನಿನಲ್ಲಿ ಗಿಟಾರ್ ಒಳಗೆ ಹೋಗ್ಬೇಕು, ಶಬ್ದ ಹೊರಗೆ ಬರ್ಬೇಕು. ಗೇನ್ ಜಾಸ್ತಿ ಮಾಡಿದ್ರೆ ಹೊರಗಿನದ್ದು ಒಳಗೆ ಸೋರಿ ಕೂಗ್ಲಿಕ್ಕೆ ಸುರು. ಇದು ಯುಎಸ್‌ಬಿ ಇಂಟರ್‌ಫೇಸ್. ಗಿಟಾರಿನ ವೋಲ್ಟೇಜನ್ನು ಅಂಕಿ ಮಾಡಿ ಟ್ಯಾಬಿಗೆ ಕೊಡ್ತದೆ, ಟ್ಯಾಬ್ ಕೊಟ್ಟ ಅಂಕಿಯನ್ನು ಪುನಃ ವೋಲ್ಟೇಜ್ ಮಾಡಿ ಹೆಡ್‌ಫೋನಿಗೆ ಬಿಡ್ತದೆ.

ಮಾವ: ತೂತು ನಮ್ಮ ಪಿ-38ರದ್ದೇ.

ಸೊಸೆ: ಅದೇ ಕಾಲಿಂಚಿನ ಜ್ಯಾಕ್.

ಮಾವ: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಡುಗಿಯರು ಚುಚ್ಚಿ ತೆಗೀತಿದ್ದ ಪಿನ್ ಅದು. ನೂರು ವರ್ಷಕ್ಕಿಂತ ಹಳತು. ಅದಾದ್ರೂ ಉಳಿದಿದೆಯಲ್ಲ. ಈ ಬಟನ್ ಎಂತದ್ದು, ‘ಇನ್‌ಸ್ಟ್’ ಅಂತ?

ಸೊಸೆ: ಇಡೀ ಪೆಟ್ಟಿಗೆಯಲ್ಲಿ ಮುಖ್ಯ ಅದೇ. ಪಿಕಪ್ ಅಂದ್ರೆ ಅಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತು ಕೂದಲಿನಂಥ ತಾಮ್ರದ ತಂತಿ.

ಮಾವ: ಅದು ನಂಗೆ ಬಿಡು, ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಮಾಡಿದವ ನಾನು. ಮೇಲೆ ಉಕ್ಕಿನ ತಂತಿ ಅಲ್ಲಾಡಿದ್ರೆ ಕಾಯಿಲಿನಲ್ಲಿ ಕರೆಂಟ್ ಹುಟ್ತದೆ. ಎಷ್ಟು ಬರ್ತದೆ?

ಸೊಸೆ: ಮೆಲ್ಲ ಮೀಟಿದ್ರೆ ಹತ್ತಾರು ಮಿಲಿವೋಲ್ಟ್. ಜೋರಾಗಿ ಬಾರಿಸಿದ್ರೆ ಅರ್ಧ ವೋಲ್ಟ್ ದಾಟುದೂ ಉಂಟು.

ಮಾವ: ಮೈಕ್ ಕೊಡುದು ಒಂದೆರಡು ಮಿಲಿವೋಲ್ಟ್. ಅದಕ್ಕೆ ಹೋಲಿಸಿದ್ರೆ ಇದು ಶ್ರೀಮಂತ. ಮತ್ತೆಂತ ಕಷ್ಟ?

ಸೊಸೆ: ವೋಲ್ಟ್ ಉಂಟು, ತಾಕತ್ತು ಇಲ್ಲ. ಮೈಕ್ ಇನ್‌ಪುಟ್ ಎರಡು ಮೂರು ಸಾವಿರ ಓಮ್ ಇರ್ತದಲ್ಲ, ಅಷ್ಟು ಲೋಡ್ ಹಾಕಿದ್ರೆ ಪಿಕಪ್ ಕುಸೀತದೆ. ಅದೂ ಎಲ್ಲ ಸ್ವರ ಒಂದೇ ಸಮ ಕುಸಿಯುದಿಲ್ಲ. ಕಾಯಿಲ್ ಆದ ಕಾರಣ ಮೇಲಿನ ಫ್ರೀಕ್ವೆನ್ಸಿಗೆ ತಡೆ ಹೆಚ್ಚು, ಹಾಗಾಗಿ ಮೊದಲು ಸಾಯುದು ಟ್ರೆಬಲ್. ಈ ಬಟನ್ ಒತ್ತಿದ್ರೆ ಇನ್‌ಪುಟ್ ಸುಮಾರು ಹತ್ತು ಲಕ್ಷ ಓಮ್ ಆಗ್ತದೆ. ಪಿಕಪ್ಪಿನಿಂದ ಏನನ್ನೂ ಎಳ್ಕೊಳ್ಳುದಿಲ್ಲ, ಸುಮ್ಮನೆ ಕೇಳಿಸಿಕೊಳ್ತದೆ.

ಮಾವ: ಈಗ ಸರಿಯಾಯ್ತು. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಒಬ್ಬ ನೇರ ನನ್ನ ಮಿಕ್ಸರಿಗೆ ಚುಚ್ಚಿ, ಗಿಟಾರ್ ಮಂಕಾಗಿದೆ ಅಂತ ಗಿಟಾರಿಗೇ ಬೈತಿದ್ದ. ಟ್ರೆಬಲ್ ಪೂರ್ತಿ ತಿರುಗಿಸಿದ್ರೆ ಬಂದದ್ದು ಬರೀ ‘ಸ್ಸ್’ ಅಂತ. ಸತ್ತ ಟ್ರೆಬಲನ್ನು ತಿರುಗಣೆ ಎಬ್ಬಿಸ್ತದಾ?

ಸೊಸೆ: ಆ್ಯಪೂ ಎಬ್ಬಿಸುದಿಲ್ಲ. ನನ್ನ ಗೆಳೆಯರು ದಿನಕ್ಕೊಂದು ಆ್ಯಪ್ ಬದಲಿಸ್ತಾರೆ, ಆ ಬಟನ್ ಒತ್ತಿರುದಿಲ್ಲ. ಇಲ್ಲದಿದ್ರೆ ಗೇನ್ ಕೆಂಪು ದೀಪ ಹತ್ತುವಷ್ಟು ಇಟ್ಟಿರ್ತಾರೆ, ಗಿಟಾರ್ ಹೇಗೂ ಒಡೆದೇ ಕೇಳ್ಬೇಕಲ್ಲ ಅಂತ. ವಾಲ್ವಿನ ಒಡಕು ಬೇರೆ, ಅಂಕಿಯ ಒಡಕು ಬೇರೆ. ಅಂಕಿಗೆ ಮೇಲೆ ಒಂದು ಮಿತಿ ಉಂಟು. ಅದು ತಾಗಿದ್ರೆ ಕತ್ತಿಯಲ್ಲಿ ತರಿದ ಹಾಗೆ. ಎಷ್ಟು ಜೋರು ಬಾರಿಸಿದ್ರೂ ಕೆಂಪು ಬರದ ಹಾಗೆ ಇಂಟರ್‌ಫೇಸಿನಲ್ಲಿ ಇಟ್ಟುಕೊಂಡು, ಒಡಕು ಬೇಕಾದಷ್ಟನ್ನು ಆ್ಯಪಿನೊಳಗೆ ತಗೊಳ್ಬೇಕು. 24 ಬಿಟ್ ಇರುವಾಗ ಕಡಿಮೆ ಇಟ್ರೆ ನಷ್ಟ ಇಲ್ಲ.

ಮಾವ: ಅದು ಮಿಕ್ಸರಿನ ಮೊದಲ ಪಾಠ. ಭಾಗವತರು ಪದ ಏರಿಸುವ ಮೊದಲೇ ಜಾಗ ಇಟ್ಟಿರ್ಬೇಕು. ಇರ್ಲಿ, ಒಂದು ಶಬ್ದ ಬರ್ತಾ ಉಂಟಲ್ಲ, ಹೆಡ್‌ಫೋನಿನ ಹೊರಗೂ ಕೇಳ್ತದೆ. ಹಮ್.

ಸೊಸೆ: ಅದೇ ತಲೆನೋವು. ಗಿಟಾರ್ ಮುಟ್ಟದಿದ್ರೂ ಬರ್ತದೆ.

ಮಾವ: ಹಾರ್ಮೋನಿಯಂ ತಂದು ನೋಡು, ಅದು ಬಿಳಿ ಐದು. ನಮ್ಮ ಕರೆಂಟು 50 ಹರ್ಟ್ಜ್. ಬಿಳಿ ಐದರ ಕೆಳಗಿನ ಸ್ವರ 49. ಒಂದು ಸ್ವಲ್ಪ ಏರು ಅಷ್ಟೇ. ಈ ದೇಶದಲ್ಲಿ ಯಾವ ಆಂಪ್ಲಿಫೈಯರ್ ಗುಂಯ್ ಅಂದ್ರೂ ಶ್ರುತಿ ಅದೇ. ಭಾಗವತರು ಬಿಳಿ ಐದಕ್ಕೆ ಹಾಡುವವರಾದ್ರೆ ಹಮ್ ಬಂದದ್ದೂ ಗೊತ್ತಾಗುದಿಲ್ಲ.

ಸೊಸೆ: ಅಮೆರಿಕದಲ್ಲಿ 60 ಹರ್ಟ್ಜ್.

ಮಾವ: ಹಾಗಾದ್ರೆ ಅವರದ್ದು ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ, ಅಪಸ್ವರ. ಕರೆಂಟಿನ ಶ್ರುತಿಯಲ್ಲಿ ನಾವೇ ಮೇಲು.

ಇದನ್ನು ಲೆಕ್ಕ ಹಾಕಿ ನೋಡಬಹುದು, ಸರಿಯಾಗಿಯೇ ಇದೆ. ಮೈಕ್ ಕಟ್ಟುವವರಿಗೆ ಸಂಗೀತ ಗೊತ್ತಿಲ್ಲ ಎಂದುಕೊಳ್ಳುವವರು ಒಂದು ರಾತ್ರಿ ಅವರ ಪಕ್ಕ ಕೂರಬೇಕು.

ಸೊಸೆ: ನನ್ನದರಲ್ಲಿ ಇರುವುದು ಸಿಂಗಲ್ ಕಾಯಿಲ್ ಪಿಕಪ್, ಅದಕ್ಕೇ ಇಷ್ಟು. ಗೋಡೆಯ ವಯರಿಂಗ್, ಚಾರ್ಜರ್, ಟ್ಯೂಬ್‌ಲೈಟಿನ ಚೋಕ್ ಎಲ್ಲದರ ಕಾಂತಕ್ಷೇತ್ರ ಕಾಯಿಲಿಗೆ ಸಿಗ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಕಾಯಿಲ್ ಪಕ್ಕಪಕ್ಕ, ಸುತ್ತು ಉಲ್ಟಾ, ಅಯಸ್ಕಾಂತವೂ ಉಲ್ಟಾ. ಹೊರಗಿನ ಹಮ್ ಎರಡರಲ್ಲೂ ಎದುರುಬದುರಾಗಿ ಬಂದು ಕಳೆದುಹೋಗ್ತದೆ. ತಂತಿಯ ಸಿಗ್ನಲ್ ಎರಡು ಸಲ ಉಲ್ಟಾ ಆದ ಕಾರಣ ಕೂಡಿಕೊಳ್ತದೆ. ಹಂಬಕರ್ ಅಂತಾರೆ.

ಮಾವ: ಎಕ್ಸ್‌ಎಲ್‌ಆರ್ ಕೇಬಲ್ಲಿನದ್ದೂ ಅದೇ ಉಪಾಯ. ಎರಡು ವಯರಿನಲ್ಲಿ ಎದುರುಬದುರು ಸಿಗ್ನಲ್. ದಾರಿಯಲ್ಲಿ ಸೇರಿದ ಹಮ್ ಎರಡರಲ್ಲೂ ಒಂದೇ, ಕಳೆದರೆ ಮಾಯ. ಅದಿಲ್ಲದಿದ್ರೆ ಚೌಕಿಯಿಂದ ಮಿಕ್ಸರಿನವರೆಗೆ ವಯರ್ ಎಳೀಲಿಕ್ಕೇ ಆಗ್ತಿರ್ಲಿಲ್ಲ. ಕರೆಂಟ್ ಹೋದಾಗ ನುಡಿಸಿ ನೋಡಿದ್ದೀಯಾ?

ಸೊಸೆ: ಇನ್ವರ್ಟರಿನಲ್ಲಿ ಇನ್ನೂ ಕೆಟ್ಟದು, ಹಮ್ ಹೋಗಿ ಜುಂಯ್ ಅಂತ ಕೊರೀತದೆ.

ಮಾವ: ಹಳೇ ಇನ್ವರ್ಟರ್ ಕೊಡುದು ಚೌಕಾಕಾರದ ಅಲೆ. ಅದರ ಮೂರರಷ್ಟು, ಐದರಷ್ಟು, ಏಳರಷ್ಟು ಫ್ರೀಕ್ವೆನ್ಸಿಗಳೆಲ್ಲ ಒಟ್ಟಿಗೆ ಬರ್ತವೆ. ಇನ್ವರ್ಟರೂ ಬಂದ್ ಮಾಡು. ಇಡೀ ಮನೆ ಕತ್ತಲೆ, ವಯರಿನಲ್ಲಿ ಏನೂ ಇಲ್ಲ. ಆಗ?

ಸೊಸೆ: ಟ್ಯಾಬಿನಲ್ಲಿ ಬ್ಯಾಟರಿ ಉಂಟು. ಇಂಟರ್‌ಫೇಸ್ ಮಾತ್ರ ಕರೆಂಟ್ ಜಾಸ್ತಿ ಕೇಳ್ತದೆ, ಹಳೇ ಐಪ್ಯಾಡ್ ಅದಕ್ಕೆ ಊಟ ಹಾಕುದಿಲ್ಲ ಅಂತ ಹೇಳ್ತದೆ. ನಡುವೆ ಚಾರ್ಜಿಂಗ್ ತೂತಿರುವ ಕ್ಯಾಮೆರಾ ಅಡಾಪ್ಟರ್ ಹಾಕಿ, ಅದಕ್ಕೆ ಪವರ್ ಬ್ಯಾಂಕ್ ಕೊಟ್ರೆ ಎಲ್ಲ ನಡೀತದೆ. ಮೊನ್ನೆ ಕಂಬ ಬಿದ್ದ ರಾತ್ರಿ ಹಾಗೆ ನುಡಿಸಿದೆ. ಒಂದು ಚೂರೂ ಸದ್ದಿಲ್ಲ. ಹೆಡ್‌ಫೋನ್ ಹಾಳಾಗಿದೆಯೇನೋ ಅಂತ ತೆಗೆದು ನೋಡಿದೆ.

ಮಾವ: ನೋಡು, ಬೆಂಗಳೂರಿನ ಸ್ಟುಡಿಯೋದವರು ಲಕ್ಷ ಖರ್ಚು ಮಾಡಿ ತಗೊಳ್ಳುವ ನಿಶ್ಶಬ್ದ ನಮಗೆ ಮರ ಬಿದ್ದಾಗಲೆಲ್ಲ ಪುಕ್ಕಟೆ. ಇನ್ನೊಂದು ಲಾಭ ಉಂಟು, ಅದು ತಮಾಷೆ ಅಲ್ಲ. ಬ್ಯಾಟರಿಗೂ ಮೇನ್ಸಿಗೂ ಸಂಬಂಧ ಇಲ್ಲ. ಒದ್ದೆ ಅಂಗಳ, ತಗಡಿನ ಚಪ್ಪರ, ಅರ್ಥಿಂಗ್ ಸರಿ ಇಲ್ಲದ ಪೆಟ್ಟಿಗೆ. ಕೈಯಲ್ಲಿ ತಂತಿ ಹಿಡಿದು ತುಟಿ ಮೈಕಿಗೆ ತಾಗಿಸಿದ್ರೆ ಎದೆಯ ಮೂಲಕ ಕರೆಂಟ್ ಹೋಗ್ತದೆ.

ಸೊಸೆ: 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಅನ್ನುವ ಗಿಟಾರಿಸ್ಟ್ ಹಾಗೇ ವೇದಿಕೆಯಲ್ಲಿ ಸತ್ತದ್ದು.

ಮಾವ: ಅಲ್ಲಿಯ ಸುದ್ದಿ ನಂಗೆ ಗೊತ್ತಿಲ್ಲ. ಇಲ್ಲಿ ನಾನು ಕಾರ್ಯಕ್ರಮಕ್ಕೆ ಮೊದಲು ಟೆಸ್ಟರ್ ಹಿಡಿದು ಮೈಕಿನ ಬಲೆ ಮುಟ್ಟಿ ನೋಡದೆ ಯಾರಿಗೂ ಕೊಟ್ಟವ ಅಲ್ಲ. ಆಯ್ತು, ಹೆಡ್‌ಫೋನಿನ ವಯರ್ ಎಂತಕ್ಕೆ? ನಿನ್ನ ಅಮ್ಮನ ಹತ್ರ ಬ್ಲೂಟೂತ್ ಇಯರ್‌ಫೋನ್ ಉಂಟಲ್ಲ.

ಸೊಸೆ: ಹಾಡು ಕೇಳ್ಲಿಕ್ಕೆ ಆಗ್ತದೆ, ನುಡಿಸ್ಲಿಕ್ಕೆ ಆಗುದಿಲ್ಲ. ತಂತಿ ಮೀಟಿ ಶಬ್ದ ಕಿವಿಗೆ ಬರ್ಲಿಕ್ಕೆ 200 ಮಿಲಿಸೆಕೆಂಡ್ ಆಗುದೂ ಉಂಟು.

ಮಾವ: ಸೆಕೆಂಡಿನ ಐದರಲ್ಲೊಂದು ಪಾಲು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದೆ, ಅಂದ್ರೆ ನೀನು 68 ಮೀಟರ್ ದೂರ ನಿಂತ ಹಾಗೆ. ಆಟದ ಗದ್ದೆಯ ಕೊನೆಯಲ್ಲಿ ಕಡ್ಲೆ ಮಾರುವವನಿಗೆ ಚೆಂಡೆಯ ಕೋಲು ಮೊದಲು ಕಾಣುದು, ಪೆಟ್ಟು ಆಮೇಲೆ ಕೇಳುದು. ಅಲ್ಲಿ ನಿಂತು ಚೆಂಡೆ ಬಾರಿಸು ಅಂದ್ರೆ ಯಾವ ಮದ್ದಳೆಗಾರರೂ ಒಪ್ಪುದಿಲ್ಲ. ಈ ವಯರಿನಲ್ಲಿ ಎಷ್ಟು?

ಸೊಸೆ: ಬಫರ್ ಅಂತ ಒಂದು ಸೆಟ್ಟಿಂಗ್ ಉಂಟು. ಅಂಕಿಗಳನ್ನು ಒಂದೊಂದಾಗಿ ಅಲ್ಲ, ಕಂತಿನಲ್ಲಿ ಕಳಿಸುದು. 128ರ ಕಂತು ಇಟ್ರೆ ಒಂದು ಕಂತಿಗೆ ಎರಡೂಮುಕ್ಕಾಲು ಮಿಲಿಸೆಕೆಂಡಿಗಿಂತ ಕಡಿಮೆ. ಹೋಗಿ ಬರುದು, ಪರಿವರ್ತನೆ ಎಲ್ಲ ಸೇರಿ ಹತ್ತರ ಒಳಗೆ ಮುಗೀತದೆ.

ಮಾವ: ಹತ್ತು ಅಂದ್ರೆ ಹನ್ನೊಂದು ಅಡಿ. ಅಷ್ಟು ದೂರದಲ್ಲಿ ಸ್ಪೀಕರ್ ಇಟ್ಟು ನುಡಿಸುವವರು ಎಷ್ಟು ಬೇಕು. ತೊಂದರೆ ಇಲ್ಲ.

ಸೊಸೆ: ಕಂತು ಇನ್ನೂ ಸಣ್ಣ ಮಾಡಿದ್ರೆ ಟ್ಯಾಬಿಗೆ ಸುಧಾರಿಸ್ಲಿಕ್ಕೆ ಆಗದೆ ಟಿಕ್ ಟಿಕ್ ಅಂತದೆ. ಆಂಡ್ರಾಯ್ಡಿನಲ್ಲಿ ಈ ಅಂತರ ಬಹಳ ವರ್ಷ ದೊಡ್ಡದೇ ಇತ್ತು. 2017ರಲ್ಲಿ ಎಂಟನೇ ಆವೃತ್ತಿಯಲ್ಲಿ ಹೊಸ ದಾರಿ ಕೊಟ್ಟ ಮೇಲೂ ಫೋನಿನಿಂದ ಫೋನಿಗೆ ಬೇರೆಬೇರೆ. ಗಿಟಾರಿನವರು ಹಳೇ ಐಪ್ಯಾಡ್ ಹುಡುಕುದು ಅದಕ್ಕೆ, ಶೋಕಿಗೆ ಅಲ್ಲ.

ಮಾವ: ಸರಿ, ಈಗ ಹೆಡ್‌ಫೋನ್ ಕೊಡು ನೋಡುವ. ... ಒಳ್ಳೆದುಂಟು. ಆದ್ರೆ ಮಾರಾಯ್ತಿ, ಇದು ಎಲ್ಲಿ ಉಂಟು? ತಲೆಯ ನಡುವೆ. ಎದುರಿನಿಂದ ಬರುದಿಲ್ಲ, ಎದೆಗೆ ತಾಗುದಿಲ್ಲ. ನನ್ನ ಅಹುಜಾ ಉಂಟು, ಅಟ್ಟದಲ್ಲಿ ಎರಡು ಹಾರ್ನ್ ಉಂಟು. ಕೊಡುವನಾ?

ಸೊಸೆ: ಬೇಡ ಮಾವ! ಹಾರ್ನಿಗೆ ತಗ್ಗಿನ ಸ್ವರ ಇಲ್ಲವೇ ಇಲ್ಲ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್.

ಮಾವ: ಹಾರ್ನ್ ನಾಲ್ಕುನೂರರ ಕೆಳಗೆ ಬಾಯಿ ಬಿಡುದಿಲ್ಲ, ಒಪ್ಪಿದೆ. ಹಾಗಾದ್ರೆ ಹದಿನೈದು ಇಂಚಿನ ಟಾಪ್?

ಸೊಸೆ: ಅದು ಆಗ್ತದೆ. ಆದ್ರೆ ಆ್ಯಪಿನಲ್ಲಿ ಕ್ಯಾಬಿನೆಟ್ ಅನ್ನುವುದನ್ನು ಹಾಕಿಯೇ ಇರ್ಬೇಕು. ಗಿಟಾರ್ ಆಂಪಿನ ಹನ್ನೆರಡು ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ್ರೆ ಕೈಬಿಡ್ತದೆ. ಒಡೆದ ಶಬ್ದದ ಕರ್ಕಶ ಎಲ್ಲ ಅಲ್ಲಿ ಸೋಸಿ ಹೋಗುದು. ನಿಮ್ಮ ಟಾಪ್ ಮೇಲಿನದ್ದನ್ನೂ ಕೇಳಿಸ್ತದೆ, ಆ ಸೋಸುವಿಕೆ ಇಲ್ಲದಿದ್ರೆ ಕಣಜದ ಹುಳ ಕಿವಿಗೆ ಹೊಕ್ಕಂತೆ. ನಿಜವಾದ ಗಿಟಾರ್ ಆಂಪಿಗೆ ಚುಚ್ಚುವಾಗ ಮಾತ್ರ ಅದನ್ನು ತೆಗೀಬೇಕು.

ಮಾವ: ಅಂದ್ರೆ ಸ್ಪೀಕರಿನ ದೋಷವೇ ಗಿಟಾರಿನ ಗುಣ. ನಾವು ಇಪ್ಪತ್ತು ಸಾವಿರದವರೆಗೆ ಕೇಳಿಸ್ತದೆ ಅಂತ ಬೋರ್ಡ್ ಹಾಕಿದ್ದು. ನೀನು ಇಡೀ ದಿನ ಈ ಒಡಕಿನ ಹಿಂದೆ ಎಂತಕ್ಕೆ ಬಿದ್ದದ್ದು ಹೇಳು. ಶುದ್ಧ ಸ್ವರ ಸಾಕಾಗುದಿಲ್ವಾ?

ಸೊಸೆ: ಮೋಹನ ನುಡಿಸ್ಲಿಕ್ಕೆ ಹೋಗಿ ಗೊತ್ತಾಯ್ತು. ಶುದ್ಧ ಶಬ್ದದಲ್ಲಿ ಸ್ವರ ಮೀಟಿದ ಕೂಡಲೇ ಇಳೀತದೆ. ತಂತಿ ಎಳೆದು ಗಾಂಧಾರದಿಂದ ಪಂಚಮಕ್ಕೆ ಜಾರಿಸುವಾಗ ಅರ್ಧ ದಾರಿಯಲ್ಲೇ ಮುಗೀತದೆ. ಓವರ್‌ಡ್ರೈವ್ ಜೋರಿನ ತಲೆಯನ್ನು ಒತ್ತುತ್ತದಲ್ಲ, ಆಗ ಜೋರಿಗೂ ಮೆಲ್ಲಕ್ಕೂ ಅಂತರ ಕಡಿಮೆಯಾಗಿ ಸ್ವರ ಉದ್ದಕ್ಕೆ ನಿಲ್ತದೆ. ಜಾರುವ ಕೈಗೆ ಸಮಯ ಸಿಗ್ತದೆ. ಗಮಕ ಬರುದು ಅಲ್ಲಿ. ಯು. ಶ್ರೀನಿವಾಸ್ ಮ್ಯಾಂಡೊಲಿನಿನ ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಹಿಡಿದದ್ದೂ ಇದೇ ಕಾರಣಕ್ಕೆ ಅಂತ ನಂಗೆ ಕಾಣ್ತದೆ. ಒಂದೇ ಕಷ್ಟ, ತಂತಿ ಎಳೆದ್ರೆ ಸ್ವರ ಏರ್ತದೆ, ಇಳಿಯುದಿಲ್ಲ. ಇಳಿಸ್ಬೇಕಾದ್ರೆ ಮೊದಲೇ ಎಳೆದು ಹಿಡಿದು ಮೀಟಿ ಬಿಡ್ಬೇಕು.

ಮಾವ: ನಮ್ಮ ಕದ್ರಿಯವರ ಸ್ಯಾಕ್ಸೊಫೋನ್ ಕೂಡ ಹಾಗೆ ಅಲ್ವಾ? ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದವರು. ನಾಗಸ್ವರದಲ್ಲಿ ತೂತು ಅರ್ಧ ಮುಚ್ಚಬಹುದು, ಸ್ಯಾಕ್ಸೊಫೋನಿನಲ್ಲಿ ಮುಚ್ಚಳ. ತುಟಿ, ಉಸಿರಿನಲ್ಲಿ ಗಮಕ ತೆಗೀಬೇಕು. 2019ರಲ್ಲಿ ತೀರಿಕೊಳ್ಳುವಾಗ ಅದನ್ನು ಪರದೇಶದ ವಾದ್ಯ ಅಂತ ಈ ಜಿಲ್ಲೆಯಲ್ಲಿ ಹೇಳುವವರೇ ಇರ್ಲಿಲ್ಲ. ಮದುವೆಗೆ ಸ್ಯಾಕ್ಸೊಫೋನ್ ಇಲ್ಲದಿದ್ರೆ ಈಗ ಬೀಗರು ಮುಖ ಊದಿಸ್ತಾರೆ.

ಸೊಸೆ: ಗಿಟಾರಿಗೆ ಅಂಥ ದಿನ ಬರ್ಲಿಕ್ಕಿಲ್ಲ.

ಮಾವ: ಬಂದು ಹೋಗಿದೆ. ಶಂಕರ್‌ನಾಗ್ 1981ರಲ್ಲಿ ‘ಗೀತಾ’ ಮಾಡಿದ ಮೇಲೆ ಇಳಯರಾಜರ ಆ ಹಾಡುಗಳ ಕ್ಯಾಸೆಟ್ ಹಾಕದ ಮದುವೆ ಇರ್ಲಿಲ್ಲ. ಹುಡುಗರಿಗೆಲ್ಲ ಗಿಟಾರಿನ ಹುಚ್ಚು. ಕೊಂಡವರು ಕಡಿಮೆ, ಕಲಿತವರು ಇನ್ನೂ ಕಡಿಮೆ. ಶ್ರುತಿಗೆ ಎಂತ ಮಾಡ್ತಿ?

ಸೊಸೆ: ಅದಕ್ಕೂ ಆ್ಯಪ್. ಒಂದು ಬದಿಯಲ್ಲಿ ತಂಬೂರಿ ಬಿಟ್ಟು, ಇನ್ನೊಂದು ಬದಿಯಲ್ಲಿ ಆಂಪ್. ಎರಡೂ ಒಂದೇ ಹೆಡ್‌ಫೋನಿಗೆ.

ಮಾವ: ಬೆಂಗಳೂರಿನ ರಾಡೆಲ್‌ನ ರಾಜ್‌ನಾರಾಯಣ್, ಕೊಳಲು ಕಲಿತ ಎಂಜಿನಿಯರ್, ಕರೆಂಟಿನ ಶ್ರುತಿಪೆಟ್ಟಿಗೆ ಮಾಡಿದಾಗ ಮೂಗು ಮುರಿದವರು ಬಹಳ ಜನ. ಈಗ ಅದು ಇಲ್ಲದೆ ಎಷ್ಟು ಮಂದಿ ಹಾಡ್ಲಿಕ್ಕೆ ಕೂತ್ಕೊಳ್ತಾರೆ? ಹಾಗಾಗಿ ನಿನ್ನ ಟ್ಯಾಬಿಗೆ ನಂದು ತಕರಾರಿಲ್ಲ. ತಕರಾರು ಹೆಡ್‌ಫೋನಿಗೆ ಮಾತ್ರ.

ಸೊಸೆ: ಅದರಲ್ಲಿ ಒಂದು ನಷ್ಟ ನಂಗೂ ಗೊತ್ತುಂಟು. ದೊಡ್ಡ ಆಂಪಿನ ಎದುರು ಗಿಟಾರ್ ಹಿಡಿದು ನಿಂತ್ರೆ ಸ್ಪೀಕರಿನ ಗಾಳಿ ತಂತಿಯನ್ನೇ ಅಲ್ಲಾಡಿಸ್ತದೆ. ಅಲ್ಲಾಡಿದ ತಂತಿ ಪುನಃ ಸ್ಪೀಕರಿಗೆ. ಮೀಟದೆಯೇ ಸ್ವರ ನಿಲ್ತದೆ, ಬೆಳೀತದೆ. ಬೀಟಲ್ಸ್‌ನವರು 1964ರಲ್ಲೇ ‘ಐ ಫೀಲ್ ಫೈನ್’ ಹಾಡನ್ನು ಅದರಿಂದಲೇ ಸುರು ಮಾಡಿದ್ರು. ಹೆಡ್‌ಫೋನಿನಲ್ಲಿ ಅದು ಬರುದೇ ಇಲ್ಲ.

ಮಾವ: ಎಂತ? ಫೀಡ್‌ಬ್ಯಾಕಾ? ಕೂಯ್ ಅನ್ನುದು?

ಸೊಸೆ: ಹೌದು.

ಮಾವ: ಮೂವತ್ತು ವರ್ಷ ನಾನು ಓಡಿಸಿದ ದೆವ್ವವನ್ನು ನೀನು ಕರೆದು ಕೂರಿಸ್ತೀಯಾ! ಕಲ್ಲುಗುಂಡಿಯಲ್ಲಿ ಯಕ್ಷೋತ್ಸವ ಆಗ್ತದಲ್ಲ, ಅಲ್ಲಿ ಭಾಗವತರ ಮೈಕಿಗೆ ಚೆಂಡೆ ಸೋರಿ, ಮಾನಿಟರ್ ತಾಗಿ, ಒಂದು ಸಲ ಕೂಯ್ ಅಂದ್ರೆ ಇಡೀ ಸಭೆ ತಿರುಗಿ ನೋಡುದು ವೇಷವನ್ನಲ್ಲ, ಮಿಕ್ಸರಿನ ಹಿಂದೆ ಕೂತವನನ್ನು.

ಸೊಸೆ: ನಿಮಗೆ ಅದು ಎಲ್ಲಿ ಹುಟ್ತದೆ ಅಂತ ಗೊತ್ತಲ್ಲ, ಅದಕ್ಕೇ ಕೇಳ್ತಿದ್ದೇನೆ.

ಮಾವ: ಗೊತ್ತಿಲ್ಲದೆ! ಸ್ಪೀಕರಿಗೂ ಮೈಕಿಗೂ ಇರುವ ದೂರ, ಕೋಣೆಯ ಅಳತೆ, ಯಾವ ಫ್ರೀಕ್ವೆನ್ಸಿ ಎದ್ದು ನಿಲ್ತದೆ... ಒಂದು ಹೆಜ್ಜೆ ಆಚೆ ಈಚೆ ಆದ್ರೆ ಸ್ವರವೇ ಬದಲಾಗ್ತದೆ. ಅದನ್ನು ತಪ್ಪಿಸುವ ಲೆಕ್ಕವೇ ಅದನ್ನು ಬರಿಸುವ ಲೆಕ್ಕ. ಈ ಜಗಲಿಯಲ್ಲಿ, ಆ ಮೂಲೆಯಲ್ಲಿ ಟಾಪ್ ಇಟ್ಟು, ನೀನು ಕಂಬದ ಹತ್ರ ನಿಂತ್ರೆ ಬರ್ಬಹುದು. ಮಳೆಯ ಸದ್ದಿನಲ್ಲಿ ನೆರೆಮನೆಯವರಿಗೂ ಗೊತ್ತಾಗ್ಲಿಕ್ಕಿಲ್ಲ.

ಸೊಸೆ: ನವರಾತ್ರಿಯ ಶಾರದೋತ್ಸವದಲ್ಲಿ ಭಜನೆ ಆದ ಮೇಲೆ ಒಂದು ಇಪ್ಪತ್ತು ನಿಮಿಷ ಕೊಡ್ತೇವೆ ಅಂತ ಕಮಿಟಿಯವರು ಹೇಳಿದ್ದಾರೆ. ಟ್ಯಾಬಿನಿಂದ ನಿಮ್ಮ ಮಿಕ್ಸರಿಗೆ ಕೊಡ್ಬಹುದಾ?

ಮಾವ: ಕೊಡ್ಬಹುದು, ಶರತ್ತು ಉಂಟು. ಇಂಟರ್‌ಫೇಸಿನ ಹಿಂದಿನ ಔಟ್‌ಪುಟ್ಟಿನಿಂದ ಎರಡು ಒಳ್ಳೆ ಕೇಬಲ್. ನಾನೇ ಬೆಸುಗೆ ಹಾಕಿ ಕೊಡ್ತೇನೆ, ಅಂಗಡಿಯ ಅಚ್ಚು ಹೊಯ್ದ ಪಿನ್ ಬೇಡ. ತಂತಿಗೆ ತುಕ್ಕು ಹಿಡಿದಿದೆ ನೋಡು, ಈ ಮಳೆಗಾಲ ಮುಗಿದ ಕೂಡಲೇ ಹೊಸತು ಹಾಕು. ಮದ್ದಳೆಯ ಚರ್ಮವೇ ಇಲ್ಲಿ ಸಡಿಲಾಗ್ತದೆ, ಕಬ್ಬಿಣ ಬಿಡ್ತದಾ? ಆ ‘ಡೈರೆಕ್ಟ್’ ಸ್ವಿಚ್ ಆಫ್ ಇರ್ಲಿ.

ಸೊಸೆ: ಅದು ಹೇಗೆ ಗೊತ್ತು ನಿಮಗೆ?

ಮಾವ: ಬರೆದಿದೆಯಲ್ಲ, ಡೈರೆಕ್ಟ್ ಮಾನಿಟರ್ ಅಂತ. ಬರಿ ಗಿಟಾರೂ, ಟ್ಯಾಬಿನಿಂದ ತಡವಾಗಿ ಬಂದದ್ದೂ ಒಟ್ಟಿಗೆ ಸೇರಿದ್ರೆ ಟೊಳ್ಳು ಕೇಳ್ತದೆ. ಚಾರ್ಜರ್ ವೇದಿಕೆಗೆ ತರಬೇಡ, ಪವರ್ ಬ್ಯಾಂಕ್ ತುಂಬಿಸಿ ತಾ. ಮತ್ತೆ ಮುಖ್ಯವಾದದ್ದು, ಟ್ಯಾಬನ್ನು ಏರೋಪ್ಲೇನ್ ಮೋಡಿಗೆ ಹಾಕು. ನೀನು ಮೋಹನದ ಗಾಂಧಾರ ಎಳೀತಾ ಇರುವಾಗ ನಿನ್ನ ಅಮ್ಮ ವಾಟ್ಸಾಪಿನಲ್ಲಿ ‘ಚೆನ್ನಾಗಿ ಬರ್ತಾ ಉಂಟು’ ಅಂತ ಕಳಿಸಿದ್ರೆ, ಆ ಟಿಣ್ ಅನ್ನುದು ಕೊಯನಾಡಿನವರೆಗೆ ಕೇಳ್ತದೆ.